ಎಣಿಸಬಲ್ಲವರು ಬೇಕಾಗಿದ್ದಾರೆ

ಮಕ್ಕಳ ಪದವಿ ಪರೀಕ್ಷೆ ಮುಗಿಯುತ್ತ ಬಂತೆಂದರೆ ಮನೆಮನೆಗಳಲ್ಲಿ ಒಂದೇ ಆಲೋಚನೆ: ಮುಂದೇನು? ವೈದ್ಯನಾಗಬೇಕೆಂದವನಿಗೆ ದಾರಿ ಗೊತ್ತು, ಎಂಜಿನಿಯರನಾಗಬೇಕೆಂದವನಿಗೂ ಗೊತ್ತು. ಇತ್ತೀಚೆಗೆ ‘ಡೇಟಾ ಸೈನ್ಸ್’ ಎಂಬ ಹೆಸರು ಎಲ್ಲರ ಬಾಯಲ್ಲೂ ಬರುತ್ತಿರುವುದರಿಂದ ಲೆಕ್ಕದಲ್ಲಿ ಚುರುಕಾದ ತರುಣ ತರುಣಿಯರೆಲ್ಲ ಆ ಕಡೆಗೆ ಮುಖಮಾಡಿದ್ದಾರೆ. ಮಾಡಲಿ, ಒಳ್ಳೆಯದೇ. ಆದರೆ ಅದೇ ಮನೆತನದಲ್ಲಿ ಹಿರಿಯಕ್ಕನಂಥ ವಿದ್ಯೆಯೊಂದುಂಟು; ಅದರ ಹೆಸರನ್ನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರಲ್ಲಿಯೂ ಅನೇಕರು ಕೇಳಿರಲಾರರು. ಹುಟ್ಟು, ಸಾವು, ರೋಗ, ಔಷಧ, ಕುಡಿಯುವ ನೀರು, ಉಣ್ಣುವ ಅನ್ನ, ಹೀಗೆ ಮನುಷ್ಯನ ದೇಹಕ್ಕೆ ಸಂಬಂಧಿಸಿದುದನ್ನೆಲ್ಲ ಎಣಿಸಿ, ಅಳೆದು, ಒಂದರೊಡನೊಂದನ್ನು ಹೋಲಿಸಿ, ನಿಜವನ್ನು ಸೋಸಿ ತೆಗೆಯುವ ಈ ವಿದ್ಯೆಗೆ ಜೈವಿಕ ಸಂಖ್ಯಾಶಾಸ್ತ್ರವೆಂದು ಹೆಸರು. ಬಳಕೆಯಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಎಂದೇ ಕರೆಯುವರು. ಅದನ್ನು ನಂಬಿ ಬಾಳುವೆಯನ್ನು ಹೇಗೆ ಕಟ್ಟಿಕೊಳ್ಳಬಹುದು, ಅದರಲ್ಲಿ ಮುಂದಾಳೆನಿಸಿಕೊಳ್ಳುವುದೆಂದರೆ ಏನು ಎಂಬುದನ್ನು ಈ ವಾರ ವಿಚಾರಿಸೋಣ. ವಿಚಾರ ಗಾಳಿಯಲ್ಲಿ ತೇಲಬಾರದೆಂದರೆ ಅದಕ್ಕೊಂದು ಊರು ಬೇಕು. ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕಿನ ಗೋಗಿಯನ್ನು ತೆಗೆದುಕೊಳ್ಳುತ್ತೇನೆ; ಕಾರಣ ಮುಂದೆ ತಾನಾಗಿ ತಿಳಿದೀತು.

ಚರಿತ್ರೆ ಬಲ್ಲವರಿಗೆ ಗೋಗಿ ಹೊಸ ಹೆಸರಲ್ಲ. ವಿಜಾಪುರದ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲಶಾಹ, ಅವನ ಮಗ ಇಸ್ಮಾಯಿಲ, ಮೊಮ್ಮಗ ಮೊದಲನೆಯ ಇಬ್ರಾಹೀಮ ಇವರೆಲ್ಲರೂ ಕಡೆಗೆ ಮಣ್ಣಾದುದು ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದ ಮಗ್ಗುಲಲ್ಲಿ. ಗೋಲಗುಂಬಜದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ನಲಿಯುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಆದರೆ ಈಚಿನ ವರ್ಷಗಳಲ್ಲಿ ಗೋಗಿಯ ಹೆಸರು ಪತ್ರಿಕೆಗಳಲ್ಲಿ ಬಂದುದಕ್ಕೆ ಸುಲ್ತಾನರು ಕಾರಣರಲ್ಲ. ೧೯೯೦ರ ದಶಕದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಭೂಶಾಸ್ತ್ರಜ್ಞರು ಭೀಮಾ ಸೀಮೆಯ ಸುಣ್ಣಕಲ್ಲಿನ ಪದರಗಳನ್ನು ಶೋಧಿಸುತ್ತ ಬಂದು, ಗೋಗಿಯ ಬಳಿ ನೆಲದಾಳದ ಬಿರುಕಿನ ಗುಂಟ ಯುರೇನಿಯಂ ಅದಿರು ಇರುವುದನ್ನು ಕಂಡರು. ಆ ಮೇಲೆ ಪರಿಶೋಧನೆಗಾಗಿ ಅಲ್ಲಿ ಗಣಿಯನ್ನೂ ತೋಡಲಾಯಿತು. ಗಣಿಯ ಸುದ್ದಿಯ ಬೆನ್ನಿಗೇ ಅಂಜಿಕೆಯೂ ಹುಟ್ಟಿತು. ಬಾವಿಯ ನೀರು ಕೆಟ್ಟಿತೆ? ಮೂತ್ರಪಿಂಡದ ಬೇನೆ, ಕ್ಯಾನ್ಸರ್ ಮೊದಲಾದುವು ಹೆಚ್ಚಿದುವೆ? ಆ ಸೀಮೆಯ ಮಾತಿನಲ್ಲಿಯೇ ಹೇಳುವುದಾದರೆ, ‘ನಮ್ಮೂರಾಗ ರೋಗ ಹೆಚ್ಚಾಗ್ಯಾವೋ, ಇಲ್ಲೋ?’ ಹೌದೆಂದೋ ಇಲ್ಲವೆಂದೋ ಬಾಯಿಮಾತಿನಲ್ಲಿ ಹೇಳಿಬಿಡುವುದು ಸುಲಭ. ಎಣಿಸಿ ಹೇಳುವುದು ಕಷ್ಟ. ಎಷ್ಟು ಕಷ್ಟವೆಂಬುದನ್ನು ತಿಳಿಯಬೇಕಾದರೆ ಮೊದಲು ನೆರೆಯ ಸುರಪುರ ತಾಲ್ಲೂಕಿಗೊಮ್ಮೆ ಹೋಗಿಬರಬೇಕು.

ಸುರಪುರ ತಾಲ್ಲೂಕಿನಲ್ಲಿಯೂ ಮಂಗಳೂರು ಎಂಬ ಊರಿದೆ. ಅದರ ಸುತ್ತಿನದು ಹಳೆಯ ಚಿನ್ನದ ಗಣಿಯ ಪ್ರದೇಶ. ಆ ಪ್ರದೇಶದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಚರ್ಮ ಗಂಟುಗಂಟಾಗಿ ಗಡುಸಾಗುತ್ತಿತ್ತು. ಮೈಮೇಲೆ ಮಳೆಹನಿ ಬಿದ್ದಂತೆ ಚುಕ್ಕೆಗಳೇಳುತ್ತಿದ್ದುವು. ಕೊಳವೆಬಾವಿಯ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ವಿಷದ ಅಂಶ, ಕಂಡುಬಂದಿತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ಅವರ ಸಂಗಡಿಗರೂ ಈ ಪ್ರದೇಶದ ನೀರು, ಮಣ್ಣು, ಮನುಷ್ಯರನ್ನು ಪರೀಕ್ಷಿಸಿ ೨೦೧೩ರಲ್ಲಿ ವರದಿಯನ್ನು ಪ್ರಕಟಿಸಿದರು. ಪರೀಕ್ಷಿಸಿದವರಲ್ಲಿ ಅರ್ಧಕ್ಕೂ ಮಿಕ್ಕಿ ಜನರ ಚರ್ಮದಲ್ಲಿ ಆ ವಿಷದ ಗುರುತುಗಳಿದ್ದುವು. ಚರ್ಮದ ಕ್ಯಾನ್ಸರೂ ಕಂಡಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆರ್ಸೆನಿಕ್ ಅಂಗೈಯ ಮೇಲೆ ತನ್ನ ರುಜು ಹಾಕಿಯೇ ಹೋಗುತ್ತದೆ. ಅದನ್ನು ಬಲ್ಲ ವೈದ್ಯರು ಕೈಯನ್ನು ನೋಡಿ, ನೀರಿನ ಪರೀಕ್ಷೆಯನ್ನು ಅದರ ಜತೆಗಿಟ್ಟು ರೋಗದ ಮೂಲವನ್ನು ಹೇಳಬಲ್ಲರು.

ಯುರೇನಿಯಂ ಹಾಗಲ್ಲ. ಕುಡಿಯುವ ನೀರಿನಲ್ಲಿ ಅದು ಮಿತಿಮೀರಿದರೆ ಮುಖ್ಯವಾಗಿ ಅಂಜಬೇಕಾದುದು ವಿಕಿರಣಕ್ಕಿಂತಲೂ ಅದರ ರಾಸಾಯನಿಕ ಗುಣಕ್ಕೆ, ತಾಕುವುದು ಮೂತ್ರಪಿಂಡಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ ೩೦ ಮೈಕ್ರೋಗ್ರಾಂ ಎಂಬ ಮಿತಿಯನ್ನು ಇಟ್ಟಿರುವುದು ಈ ಕಾರಣದಿಂದಲೇ. ಆದರೆ ಮೂತ್ರಪಿಂಡ ಕೆಡಲು ಸಕ್ಕರೆ ಕಾಯಿಲೆ ಸಾಕು, ರಕ್ತದ ಒತ್ತಡ ಸಾಕು. ಮೈಕೈ ನೋವಿಗೆಂದು ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗಿದ ಗುಳಿಗೆಯೂ ಸಾಕು. ರೋಗಿಯ ಮುಖ ನೋಡಿ ಯಾವ ಧನ್ವಂತರಿಯೂ ‘ಇದು ಬಾವಿಯ ನೀರಿನಿಂದ ಬಂದುದು’ ಎಂದು ಹೇಳಲಾರ. ಹಾಗಾದರೆ ತಿಳಿಯುವುದು ಹೇಗೆ? ಹೋಲಿಕೆಯೊಂದೇ ದಾರಿ. ಗೋಗಿಯ ಸುತ್ತಣ ಊರುಗಳನ್ನೂ, ಅದೇ ಬಗೆಯ ಬೇಸಾಯ, ಅದೇ ಬಗೆಯ ಊಟ, ಅದೇ ಬಗೆಯ ವಯಸ್ಸಿನ ಜನರಿದ್ದು ನೆಲದ ಕಲ್ಲು ಮಾತ್ರ ಬೇರೆಯಾದ ಊರುಗಳನ್ನೂ ಆರಿಸಿ, ಎರಡೂ ಕಡೆ ಒಂದೇ ಕ್ರಮದಲ್ಲಿ ನೀರನ್ನೂ ಜನರನ್ನೂ ಪರೀಕ್ಷಿಸಿ, ಲೆಕ್ಕವನ್ನು ಎದುರುಬದುರಿಗಿಡಬೇಕು. ಎಷ್ಟು ಊರು, ಎಷ್ಟು ಮನೆ, ಯಾವ ಮನೆ, ಎಷ್ಟು ವರ್ಷ ಎಂಬುದನ್ನು ಗೊತ್ತುಮಾಡಬಲ್ಲವನೇ ನಾನು ಹೇಳಹೊರಟಿರುವ ವ್ಯಕ್ತಿ, ಜೈವಿಕ ಸಂಖ್ಯಾಶಾಸ್ತ್ರಜ್ಞ.

ಕ್ಯಾನ್ಸರಿನ ಪ್ರಶ್ನೆ ಇನ್ನೂ ತೊಡಕಿನದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ೧೯೮೨ರಿಂದ ಕ್ಯಾನ್ಸರ್ ನೋಂದಣಿಯ ಕೆಲಸ ನಡೆದಿದೆ. ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲಿಗೆ ಆರಂಭಿಸಿದ ನೋಂದಣಿಗಳಲ್ಲಿ ಅದೊಂದು. ಜನಸಂಖ್ಯೆಯನ್ನು ಆಧರಿಸಿದ ಆ ನೋಂದಣಿಯ ನಿಯಮದಂತೆ, ಆ ಪ್ರದೇಶದಲ್ಲಿ ಕಡಿಮೆಯೆಂದರೆ ಒಂದು ವರ್ಷ ವಾಸವಾಗಿದ್ದವರನ್ನು ಮಾತ್ರ ಎಣಿಕೆಗೆ ಹಿಡಿಯಬೇಕು. ನಿಯಮ ಸರಿಯಾದುದೇ, ಇಲ್ಲದಿದ್ದರೆ ಊರೂರಿನ ರೋಗಿಗಳು ಬಂದು ಸೇರಿ ಬೆಂಗಳೂರಿನ ಲೆಕ್ಕವೇ ಕೆಟ್ಟುಹೋದೀತು. ಆದರೆ ಗೋಗಿಯ ಒಬ್ಬ ರೈತ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋದನೆಂದು ಭಾವಿಸಿರಿ. ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರುಂಟು. ಬೆಂಗಳೂರಿನ ಜನಸಂಖ್ಯೆಯ ಲೆಕ್ಕದಲ್ಲಿ ಅವನಿಲ್ಲ. ಅವನ ನೆರೆಯವನು ಹೈದರಾಬಾದಿಗೆ ಹೋದ, ಇನ್ನೊಬ್ಬಳು ಸೊಲ್ಲಾಪುರಕ್ಕೆ, ಮತ್ತೊಬ್ಬಳು ಕಲಬುರ್ಗಿಗೆ. ನಾಲ್ವರೂ ನಾಲ್ಕು ಊರಿನ ನಾಲ್ಕು ಪುಸ್ತಕಗಳಲ್ಲಿ ಚದರಿಹೋದರು. ಅವರನ್ನು ಹುಡುಕಿ ತಂದು ಗೋಗಿಯ ಹೆಸರಿನ ಕೆಳಗೆ ಒಂದೇ ಹಾಳೆಯಲ್ಲಿ ಬರೆಯುವವರೆಗೆ ಗೋಗಿಯ ಪ್ರಶ್ನೆಗೆ ಉತ್ತರವಿಲ್ಲ. ನಿಜಾಮನ ಕಾಲದ ಪಟವಾರಿಯ ದಫ್ತರದಲ್ಲಿ ಹೊಲ ಗದ್ದೆಗಳ ಲೆಕ್ಕ ಎಕರೆ ಗುಂಟೆಯ ತನಕ ಇರುತ್ತಿತ್ತು. ಮನುಷ್ಯನ ಕಾಯಿಲೆಗೆ ಅಂಥ ದಫ್ತರ ಹಳ್ಳಿಯಲ್ಲಿ ಇಂದಿಗೂ ಇಲ್ಲ. ಮನೆಯಲ್ಲಿಯೇ ಸತ್ತವರ ಸಾವು ದಾಖಲೆಯಾದರೂ ಸಾವಿನ ಕಾರಣವನ್ನು ವೈದ್ಯರು ನೋಡಿ ಬರೆಯುವುದು ಅಪರೂಪ.

ಇದಕ್ಕೂ ಒಂದು ಉಪಾಯವನ್ನು ಹೂಡಿದವರುಂಟು. ಭಾರತದ ರಿಜಿಸ್ಟ್ರಾರ್ ಜನರಲರ ಇಲಾಖೆಯೂ ಪ್ರಭಾತ್ ಝಾ ಅವರೂ ಕೂಡಿ ಈ ಶತಮಾನದ ಆರಂಭದಲ್ಲಿ ಕೈಗೊಂಡ ‘ಹತ್ತು ಲಕ್ಷ ಸಾವುಗಳ ಅಧ್ಯಯನ’ದಲ್ಲಿ, ಸಾವಾದ ಮನೆಗೆ ಹೋಗಿ ಮನೆಯವರಿಂದ ಕಡೆಯ ದಿನಗಳ ಲಕ್ಷಣಗಳನ್ನು ಕೇಳಿ ಬರೆದುಕೊಂಡು ಬರುವರು. ಆ ಬರಹವನ್ನು ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಓದಿ ಕಾರಣವನ್ನು ನಿರ್ಣಯಿಸುವರು. ಇಬ್ಬರಿಗೂ ಹೊಂದಿಕೆಯಾಗದಿದ್ದರೆ ಮೂರನೆಯವರು ತೀರ್ಮಾನ ಕೊಡುವರು. ಸತ್ತವರ ಮನೆಯವರ ಮಾತನ್ನು ಇಷ್ಟು ಮರ್ಯಾದೆಯಿಂದ ಕೇಳಿದ ಲೆಕ್ಕ ಬೇರೊಂದಿಲ್ಲವೆಂದು ನನಗೆ ಅನಿಸುತ್ತದೆ.

ಇಷ್ಟೆಲ್ಲ ಮಾಡಿ ಎಣಿಸಿದರೂ ಅದೃಷ್ಟದ ಆಟವೊಂದು ಉಳಿದೇ ಇದೆ. ಉದಾಹರಣೆಗೆ, ಹತ್ತು ಸಾವಿರ ಜನರ ಒಂದು ಊರಿನಲ್ಲಿ ವರ್ಷಕ್ಕೆ ಸರಾಸರಿ ಹತ್ತು ಜನರಿಗೆ ಕ್ಯಾನ್ಸರ್ ಬರುವುದೆಂದು ಇಟ್ಟುಕೊಳ್ಳೋಣ. ಊರಿನಲ್ಲಿ ಏನೊಂದೂ ಬದಲಾಗದಿದ್ದರೂ ಒಂದು ವರ್ಷ ಆರು ಜನ, ಮತ್ತೊಂದು ವರ್ಷ ಹದಿನೈದು ಜನ ರೋಗಿಗಳಾಗಬಹುದು. ಲೆಕ್ಕ ಹಾಕಿ ನೋಡಿದರೆ ನೂರು ವರ್ಷಗಳಲ್ಲಿ ಸುಮಾರು ೯೪ ವರ್ಷ ಈ ಸಂಖ್ಯೆ ೫ ರಿಂದ ೧೬ರ ನಡುವೆ ಓಲಾಡುತ್ತಿರುತ್ತದೆ. ಹದಿನೈದಾದ ವರ್ಷ ಊರೆಲ್ಲ ಗಾಬರಿಯಾಗುವುದು ಸಹಜ. ಆರಾದ ವರ್ಷ ಅಧಿಕಾರಿಗಳು ‘ಏನೂ ಇಲ್ಲ’ ಎಂದು ಸಮಾಧಾನಪಡುವುದೂ ಅಷ್ಟೇ ಸಹಜ. ಇಬ್ಬರ ಮಾತಿಗೂ ಆಧಾರವಿಲ್ಲ. ಈ ಸ್ಥಿತಿಯಲ್ಲಿ ಎದ್ದುನಿಂತು, ‘ಒಂದು ಊರಿನ ಒಂದು ವರ್ಷದ ಲೆಕ್ಕದಿಂದ ಏನನ್ನೂ ಹೇಳಲಾಗದು, ಇಪ್ಪತ್ತು ಊರುಗಳ ಹತ್ತು ವರ್ಷದ ಲೆಕ್ಕ ಕೊಡಿ, ಇಂದೇ ಬರೆದಿಡಲು ಆರಂಭಿಸಿ’ ಎಂದು ಎರಡು ಪಕ್ಷದವರಿಗೂ ಬೇಸರವಾಗುವಂತೆ ಹೇಳಬೇಕಾದವರು ಯಾರು? ಈ ವಿದ್ಯೆಯಲ್ಲಿ ಮುಂದಾಳುತನವೆಂದು ನಾನು ಕರೆಯುವುದು ಇದನ್ನೇ. ಕುರ್ಚಿ ಆಮೇಲಿನ ಮಾತು.

ಕಾಲ ಮೀರುವ ಮೊದಲೇ ಸಂಖ್ಯಾಶಾಸ್ತ್ರಜ್ಞನನ್ನು ಕರೆಯಬೇಕೆಂಬ ಬುದ್ಧಿವಾದ ಹೊಸದೇನೂ ಅಲ್ಲ. ಆಧುನಿಕ ಸಂಖ್ಯಾಶಾಸ್ತ್ರದ ಪಿತಾಮಹನೆನಿಸಿದ ಇಂಗ್ಲೆಂಡಿನ ಆರ್. ಎ. ಫಿಷರ್ ೧೯೩೮ರಲ್ಲಿ ಭಾರತಕ್ಕೆ ಬಂದಾಗ ಅಧ್ಯಕ್ಷಭಾಷಣದಲ್ಲಿ ಆಡಿದ ಮಾತು ಜಗತ್ಪ್ರಸಿದ್ಧವಾಗಿದೆ: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಹೋದರೆ ಅವನು ಮಾಡಬಲ್ಲುದು ಶವಪರೀಕ್ಷೆ ಮಾತ್ರವೆಂಬುದು ಅದರ ತಾತ್ಪರ್ಯ. ಗೋಗಿಯಂಥ ಊರಿಗೆ ಇದು ಬರಿಯ ಚಮತ್ಕಾರದ ಮಾತಲ್ಲ. ನೆಲ ಅಗೆಯುವ ಮೊದಲು ನೀರು ಹೇಗಿತ್ತು, ಜನರ ಆರೋಗ್ಯ ಹೇಗಿತ್ತು ಎಂಬುದನ್ನು ಬರೆದಿಡದಿದ್ದರೆ, ಅಗೆದ ಮೇಲೆ ಏನಾಯಿತೆಂಬುದನ್ನು ಎಂಥ ಜಾಣನೂ ಹೇಳಲಾರ. ಭೂಮಿಯೊಳಗೆ ಯುರೇನಿಯಂ ಇದ್ದ ಕಡೆ ಗಣಿಯಿಲ್ಲದೆಯೂ ಅದು ನೀರಿಗೆ ಸೇರುವುದುಂಟು. ಆದುದರಿಂದ ಮೊದಲಿನ ಲೆಕ್ಕವಿಲ್ಲದೆ ಗಣಿಯನ್ನು ದೂರುವುದೂ ಆಗದು, ಬಿಡುವುದೂ ಆಗದು.

ಈ ಫಿಷರನ ಶಿಷ್ಯರಲ್ಲಿ ಒಬ್ಬರು ಹುಟ್ಟಿದುದು ನಮ್ಮ ನಾಡಿನಲ್ಲಿಯೇ ಎಂಬುದನ್ನು ಕನ್ನಡಿಗರು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕಾಗಿತ್ತು. ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ, ಅದು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೨೦ರ ಸೆಪ್ಟೆಂಬರ್ ೧೦ರಂದು ತೆಲುಗು ಮನೆತನವೊಂದರಲ್ಲಿ ಸಿ. ಆರ್. ರಾವ್ ಹುಟ್ಟಿದರು. ಹತ್ತು ಮಕ್ಕಳಲ್ಲಿ ಎಂಟನೆಯವರು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರೂ ಕೆಲಸ ಸಿಗಲಿಲ್ಲ. ಯುದ್ಧದ ಕಾಲ, ಸೈನ್ಯದ ಸರ್ವೇಕ್ಷಣಾ ದಳದಲ್ಲಿ ಗಣಿತಜ್ಞನ ಕೆಲಸವಿದೆಯೆಂದು ಕೇಳಿ ಕಲ್ಕತ್ತೆಗೆ ಹೋದರು. ಆ ಕೆಲಸವೂ ಸಿಗಲಿಲ್ಲ. ಆದರೆ ಅಲ್ಲಿ ಪರಿಚಯವಾದವರೊಬ್ಬರಿಂದ ಪ್ರಶಾಂತಚಂದ್ರ ಮಹಾಲನೋಬಿಸರು ೧೯೩೧ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸುದ್ದಿ ತಿಳಿಯಿತು. ೧೯೪೧ರ ಜನವರಿ ಒಂದರಂದು ತರಬೇತಿಗೆಂದು ಸೇರಿದರು. ನಾಲ್ಕು ವರ್ಷ ಕಳೆದು ೧೯೪೫ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಬರೆದ ಒಂದು ಲೇಖನದಿಂದ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿತು.

ಆ ಲೇಖನದ ಒಂದು ಫಲಿತಾಂಶ ನಮ್ಮ ಪ್ರಸ್ತುತ ವಿಚಾರಕ್ಕೆ ಎಷ್ಟು ಹತ್ತಿರದ್ದೆಂದರೆ ಅದನ್ನು ಹೇಳದೆ ಮುಂದೆ ಹೋಗಲಾರೆ. ಕೈಯಲ್ಲಿರುವ ದತ್ತಾಂಶದಿಂದ ಒಂದು ಅಂದಾಜನ್ನು ಎಷ್ಟು ನಿಖರವಾಗಿ ಮಾಡಬಹುದೆಂಬುದಕ್ಕೆ ಒಂದು ಎಲ್ಲೆಯಿದೆ, ಆ ಎಲ್ಲೆಯನ್ನು ಯಾವ ಜಾಣ ವಿಧಾನದಿಂದಲೂ ದಾಟಲಾಗದು ಎಂಬುದನ್ನು ರಾವ್ ಗಣಿತದಿಂದ ಸಾಧಿಸಿ ತೋರಿಸಿದರು. ಸ್ವೀಡನ್ನಿನ ಕ್ರಾಮೇರ್ ಕೂಡ ಪ್ರತ್ಯೇಕವಾಗಿ ಇದನ್ನು ಕಂಡುದರಿಂದ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಸಣ್ಣ ಊರಿನ ಹತ್ತು ರೋಗಿಗಳ ಲೆಕ್ಕವನ್ನು ಎಂಥ ಗಣಕಯಂತ್ರಕ್ಕೆ ಉಣಿಸಿದರೂ, ಎಷ್ಟೇ ಹೊಸ ಹೆಸರಿನ ಡೇಟಾ ಸೈನ್ಸನ್ನು ತಂದು ನಿಲ್ಲಿಸಿದರೂ, ಅದರಲ್ಲಿ ಇಲ್ಲದ ತಿಳಿವು ಹೊರಕ್ಕೆ ಬಾರದು. ಗಾಣದಲ್ಲಿ ಹಾಕಿದಷ್ಟೇ ಎಣ್ಣೆ.

ರಾವ್ ೧೯೪೬ರಲ್ಲಿ ಕೇಂಬ್ರಿಜ್‌ಗೆ ಹೋದುದು ಯಾತಕ್ಕೆಂದುಕೊಂಡಿರಿ? ಎಲುಬುಗಳನ್ನು ಅಳೆಯುವುದಕ್ಕೆ! ಸೂಡಾನಿನ ಜೆಬೆಲ್ ಮೋಯ ಎಂಬಲ್ಲಿ ಅಗೆದು ತೆಗೆದ ಪುರಾತನ ಜನರ ಅಸ್ಥಿಗಳನ್ನು ಮಹಾಲನೋಬಿಸರ ವಿಧಾನದಿಂದ ಅಳೆದು, ಅವರು ಯಾರ ಬಳಗವೆಂದು ತಿಳಿಯಬೇಕಾಗಿತ್ತು. ಅಲ್ಲಿದ್ದಾಗಲೇ ಫಿಷರನ ಮಾರ್ಗದರ್ಶನದಲ್ಲಿ ೧೯೪೮ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಬಳಿಕ ಕಲ್ಕತ್ತೆಯ ಸಂಸ್ಥೆಯಲ್ಲಿ ದಶಕಗಳ ಕಾಲ ಸಂಶೋಧನೆಯನ್ನೂ ತರಬೇತಿಯನ್ನೂ ನಡೆಸಿ ಶಿಷ್ಯರನ್ನು ಬೆಳೆಸಿದರು. ೨೦೦೭ರಲ್ಲಿ ಗಣಿತದ ಆಬೆಲ್ ಪ್ರಶಸ್ತಿ ಪಡೆದ ಎಸ್. ಆರ್. ಎಸ್. ವರದನ್ ಅವರಲ್ಲೊಬ್ಬರು. ನಿವೃತ್ತಿಯ ನಂತರ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಕಲಿಸಿದರು. ೨೦೨೩ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ಕೆಲಸ ಸಿಗದೆ ಬಂದ ತರುಣ, ಎಲುಬು ಅಳೆದ ಅಭ್ಯಾಸಿ, ನೂರು ದಾಟಿದ ಆಚಾರ್ಯ. ಈ ವೃತ್ತಿಯ ದಾರಿ ನೇರವಾಗಿರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬೇಕಾದರೆ ಇಂಗ್ಲೆಂಡಿನ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಇದ್ದಾನೆ. ವೈದ್ಯನಾಗಬೇಕೆಂದಿದ್ದವನಿಗೆ ಮೊದಲನೆಯ ಮಹಾಯುದ್ಧದಲ್ಲಿ ಕ್ಷಯ ಅಂಟಿತು. ಹಾಸಿಗೆ ಹಿಡಿದು, ಅಂಚೆಯ ಮೂಲಕ ಅರ್ಥಶಾಸ್ತ್ರ ಓದಿ ಪದವಿ ಪಡೆದ. ಮುಂದೆ ಅದೇ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧ ನಿಜವಾಗಿಯೂ ಹಿತವೇ ಎಂದು ತಿಳಿಯಲು, ಯಾವ ರೋಗಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಚೀಟಿಯೆತ್ತಿದಂತೆ ಗೊತ್ತುಮಾಡುವ ಪ್ರಯೋಗವನ್ನು ಹೂಡಿದ. ೧೯೪೮ರಲ್ಲಿ ಪ್ರಕಟವಾದ ಆ ವರದಿ ಇಂದಿನ ಎಲ್ಲ ಔಷಧ ಪರೀಕ್ಷೆಗಳ ತಾಯಿ. ವೈದ್ಯನಾಗದವನು ವೈದ್ಯರಿಗೆ ದಾರಿ ತೋರಿದ.

ನಮ್ಮಲ್ಲಿಯೂ ಕ್ಷಯದ ಸಲುವಾಗಿಯೇ ಇಂಥದೊಂದು ದೊಡ್ಡ ಕೆಲಸ ನಡೆಯಿತು. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಒಂದೇ ಮೇಜಿನ ಸುತ್ತ ಕುಳಿತು ಯೋಚಿಸಿದ ಸಂಸ್ಥೆ ಅದು. ಆಗಿನ ನಂಬಿಕೆಯೇನೆಂದರೆ, ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ಆಸ್ಪತ್ರೆಗೆ ಬರುವವರಲ್ಲ. ಆದುದರಿಂದ ಎಕ್ಸ್‌ರೇ ಯಂತ್ರವನ್ನು ಗಾಡಿಯ ಮೇಲೇರಿಸಿಕೊಂಡು ಊರೂರಿಗೆ ಹೋಗಿ ರೋಗಿಗಳನ್ನು ಹಿಡಿಯಬೇಕು. ದೇಬಬರ ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ನರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದವರನ್ನು ಹುಡುಕಿ ವಿಚಾರಿಸಿದರು. ೧೯೬೩ರಲ್ಲಿ ಪ್ರಕಟವಾದ ಅವರ ಲೆಕ್ಕ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ಷಯದ ಕ್ರಿಮಿಯಿದ್ದವರಲ್ಲಿ ಅರ್ಧದಷ್ಟು ಜನ ಆಗಲೇ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದುದು ಒಂದು ಸೀಸೆ ಕೆಮ್ಮಿನ ಔಷಧ! ತಪ್ಪು ಹಳ್ಳಿಯವನದಾಗಿರಲಿಲ್ಲ. ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇಂಥ ಅರಿವಿನ ಮೇಲೆಯೇ ನಿಂತಿತು: ಜನ ಹೇಗೂ ಬರುವ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಕೆಮ್ಮಿದವನ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಕಡಿಮೆ ಖರ್ಚು, ಹೆಚ್ಚು ಫಲ. ಅದೇ ಕಾಲಕ್ಕೆ ಭಾರತದ ಕ್ಷಯ ನಿವಾರಣೆಯ ಕೆಲಸದಲ್ಲಿ ವರ್ಷಗಟ್ಟಲೆ ದುಡಿದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ ೧೯೭೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಬ್ಯಾನರ್ಜಿಯವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರವನ್ನು ಕಟ್ಟಿದರು.

ಇನ್ನು ಇಂದಿನ ಹುಡುಗ ಹುಡುಗಿಯರ ಮಾತಿಗೆ ಬರೋಣ. ಶಹಾಪುರದಲ್ಲಿಯೋ ಯಾದಗಿರಿಯಲ್ಲಿಯೋ ಬಿ.ಎಸ್‌ಸಿ. ಓದುವಾಗ ಗಣಿತದ ಜತೆಗೆ ಸಂಖ್ಯಾಶಾಸ್ತ್ರ ಸಿಕ್ಕಿದರೆ ಬಿಡಬಾರದು. ಮುಂದೆ ಕಲಬುರ್ಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೋ ಧಾರವಾಡದಲ್ಲಿಯೋ ಎಂ.ಎಸ್‌ಸಿ.; ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ೩೭೧-ಜೆ ವಿಧಿಯ ಮೀಸಲಾತಿಯ ಅನುಕೂಲವೂ ಉಂಟು. ಜೈವಿಕ ಸಂಖ್ಯಾಶಾಸ್ತ್ರವನ್ನೇ ವಿಶೇಷವಾಗಿ ಓದಬೇಕೆಂದವರಿಗೆ ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು, ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇವೆ. ಹದಿನೆಂಟರ ವಯಸ್ಸಿನಲ್ಲಿಯೇ ಧೈರ್ಯವಿದ್ದವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಕೂಡಬಹುದು. ಅದರ ಬೆಂಗಳೂರು ಕೇಂದ್ರದಲ್ಲಿ ೨೦೨೪ರಿಂದ ದತ್ತಾಂಶ ವಿಜ್ಞಾನದ ಪದವಿಯೂ ಆರಂಭವಾಗಿದೆ. ಪರೀಕ್ಷೆ ಕಠಿಣ. ಆದರೆ ಅದು ಕೇಳುವುದು ಯೋಚಿಸುವ ಶಕ್ತಿಯನ್ನು. ಗಿಳಿಪಾಠ ಅಲ್ಲಿ ನಡೆಯದು.

ಕೆಲಸ ಎಲ್ಲಿ? ಔಷಧ ಕಂಪನಿಗಳಲ್ಲಿ ಉಂಟು, ಅವುಗಳಿಗೆ ಪರೀಕ್ಷೆ ನಡೆಸಿಕೊಡುವ ಸಂಸ್ಥೆಗಳಲ್ಲಿ ಉಂಟು. ಬೆಂಗಳೂರು, ಹೈದರಾಬಾದುಗಳಲ್ಲಿ ಸಂಬಳವೂ ಚೆನ್ನಾಗಿಯೇ ಇದೆ. ಸಂಶೋಧನಾ ಮಂಡಳಿಯ ಯೋಜನೆಗಳಲ್ಲಿ ಉಂಟು, ಆದರೆ ಬಹುಪಾಲು ಎರಡು ಮೂರು ವರ್ಷದ ಗುತ್ತಿಗೆ. ಇದನ್ನು ಮುಚ್ಚಿಟ್ಟು ಹುಡುಗರನ್ನು ಹುರಿದುಂಬಿಸುವುದು ನ್ಯಾಯವಲ್ಲ. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಬಲ್ಲವರ ಸ್ಥಾನವಿರುವುದುಂಟು. ಯಾದಗಿರಿಗೂ ಈಗ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಎಷ್ಟೋ ಕಡೆ ಆ ಸ್ಥಾನದಲ್ಲಿರುವವರನ್ನು ಪ್ರಬಂಧ ಬರೆದು ಮುಗಿಸಿದ ವಿದ್ಯಾರ್ಥಿಗಳು ಕಡೆಯ ವಾರ ಹುಡುಕಿಕೊಂಡು ಬಂದು, ‘ಸ್ವಲ್ಪ ಲೆಕ್ಕ ಹಾಕಿಕೊಡಿ’ ಎನ್ನುವರು. ಫಿಷರ್ ಹೇಳಿದ ಶವಪರೀಕ್ಷೆ! ಆ ಕುರ್ಚಿಯಲ್ಲಿ ಕುಳಿತವರು ಜಿಲ್ಲೆಯ ರೋಗಗಳ ಲೆಕ್ಕಕ್ಕೆ ಒಡೆಯರಾಗಬಹುದಲ್ಲವೆ?

ಮೊದಲ ಕೆಲವು ವರ್ಷ ಈ ವೃತ್ತಿಯಲ್ಲಿ ಮಾಡಬೇಕಾದುದು ಅಂಗಳ ಗುಡಿಸುವ ಕೆಲಸ. ಬಂದ ಪಟ್ಟಿಯಲ್ಲಿ ಒಬ್ಬನೇ ಮನುಷ್ಯ ಮೂರು ಬಗೆಯ ಕಾಗುಣಿತದಲ್ಲಿ ಮೂವರಾಗಿರುತ್ತಾನೆ. ನಲವತ್ತು, ನಲವತ್ತೈದು, ಐವತ್ತು, ಅರವತ್ತು ವಯಸ್ಸಿನವರು ರಾಶಿರಾಶಿಯಾಗಿದ್ದು ನಲವತ್ತೊಂದು, ಐವತ್ತೆರಡರವರು ಊರಿನಲ್ಲಿಯೇ ಇಲ್ಲವೆಂಬಂತೆ ಕಾಣುವುದು. ಜನ ವಯಸ್ಸನ್ನು ಅಂದಾಜಿನಲ್ಲಿ ಹೇಳುವರಷ್ಟೆ. ವಯಸ್ಸು ತಪ್ಪಿದರೆ ಕ್ಯಾನ್ಸರಿನ ಲೆಕ್ಕವೆಲ್ಲ ತಪ್ಪಿತು, ಏಕೆಂದರೆ ಅದು ಹೆಚ್ಚಾಗಿ ವಯಸ್ಸಾದವರ ರೋಗ; ಮುದುಕರು ಹೆಚ್ಚಾಗಿರುವ ಊರಿನಲ್ಲಿ ರೋಗವೂ ಹೆಚ್ಚಾಗಿ ಕಾಣುವುದು. ಇಲ್ಲಿಯೇ ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯ ಬೆಲೆ ತಿಳಿಯುವುದು. ಅಜ್ಜಿಯ ಎದುರು ಕುಳಿತು ‘ನಿಮ್ಮ ವಯಸ್ಸೆಷ್ಟು?’ ಎಂದು ಅವಳು ಕೇಳುವುದಿಲ್ಲ. ‘ರಜಾಕಾರರ ಗದ್ದಲದಾಗ ನೀವು ಎಷ್ಟು ದೊಡ್ಡಾಕಿ ಇದ್ದೀರಿ ಆಯಿ? ಎಪ್ಪತ್ತೆರಡರ ಬರದಾಗ ನಿಮಗ ಎಷ್ಟು ಮಕ್ಕಳಾಗಿದ್ವು?’ ಎಂದು ಕೇಳಿ ಲೆಕ್ಕ ಹಾಕುವಳು. ಯಾವ ಬಾವಿಯ ನೀರನ್ನು ಕುಡಿಯುತ್ತಾರೆ, ಯಾವುದನ್ನು ದನಗಳಿಗೆ ಬಿಟ್ಟಿದ್ದಾರೆ, ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಎಲ್ಲಿಗೆ ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತು. ಎರಡು ದಿನಕ್ಕೆಂದು ಮೋಟಾರಿನಲ್ಲಿ ಬಂದು ಹೋಗುವ ತಜ್ಞನಿಗೆ ಇದು ಹೇಗೆ ತಿಳಿಯಬೇಕು? ಆಶಾ ಕಾರ್ಯಕರ್ತೆಯ ಕಂಕುಳಲ್ಲಿರುವ ಪುಸ್ತಕವನ್ನು ಓದಲು ಬರದವರು ಬೆಂಗಳೂರಿನ ಗಣಕಯಂತ್ರದಲ್ಲಿ ಏನು ಓದಿಯಾರು?

ಗುಳೆಯ ಸಂಗತಿಯೊಂದು ಉಳಿಯಿತು. ನಾರಾಯಣಪುರದ ಕಾಲುವೆಯ ನೀರು ಹರಿಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವುದು ವಾಡಿಕೆ. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ, ಜನರನ್ನು ಎಣಿಸುವ ಕೆಲಸ ೨೦೨೭ರ ಫೆಬ್ರವರಿಗೆ ಗೊತ್ತಾಯಿತು. ಫೆಬ್ರವರಿ ಗುಳೆಯ ಕಾಲ. ಎಣಿಕೆಯ ದಿನಗಳಲ್ಲೆಲ್ಲ ಊರಲ್ಲಿಲ್ಲದವರನ್ನು ಅವರು ಇರುವ ಕಡೆಯೇ ಎಣಿಸುವುದು ಜನಗಣತಿಯ ಪದ್ಧತಿ. ಪುಣೆಯ ಯಾವುದೋ ಕಟ್ಟಡದ ಪಕ್ಕದ ತಗಡಿನ ಗುಡಿಸಲಿನಲ್ಲಿ ಅವರು ಪುಣೆಯವರಾಗುವರು. ಆದರೆ ಕಾಯಿಲೆ ಬಿದ್ದೊಡನೆ ಮನುಷ್ಯ ತಿರುಗಿ ಬರುವುದು ತನ್ನ ಊರಿಗೆ. ರೋಗಿ ಗೋಗಿಯ ಲೆಕ್ಕದಲ್ಲಿ, ಅವನ ತಲೆಯೆಣಿಕೆ ಪುಣೆಯ ಲೆಕ್ಕದಲ್ಲಿ. ಭಾಗಿಸಿದರೆ ಇಲ್ಲದ ರೋಗವೂ ಊರಲ್ಲಿ ಹೆಚ್ಚಾದಂತೆ ಕಾಣುವುದು. ಅವನು ತಿರುಗಿ ಬಾರದೆ ಅಲ್ಲಿಯೇ ತೀರಿಕೊಂಡರೆ ಇದ್ದ ರೋಗವೂ ಮರೆಯಾಗುವುದು. ಬೀಗ ಹಾಕಿದ ಮನೆಗಳ ಮುಂದೆ ನಿಂತು, ಇವರು ಎಷ್ಟು ಮಂದಿ, ಎಲ್ಲಿಗೆ ಹೋದರು, ಯಾವಾಗ ಬರುವರು ಎಂದು ನೆರೆಮನೆಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿ ಬೇರೊಂದು ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ಈಗಿನಿಂದಲೇ ಯಾರಾದರೂ ಬೇಕು.